ಮಾವ ಬರುವ ತನಕ

ಚಿಪಾಲಾ ಹಳ್ಳಿ, ನ್ಖೋಟಕೋಟ
17 ಫೆಬ್ರವರಿ 1985

ಪ್ರೀತಿಯ ಜೈರೋಸಿ ಅಣ್ಣನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಆ ಗಣಿಯೂರಲ್ಲಿ ನೀನೂ ಚೆನ್ನಾಗಿದ್ದೀಯ ಅಂತ ನಂಬಿದ್ದೇನೆ. ಈ ಸಲ ಮಳೆ ಹೊತ್ತಿಗೆ ಸರಿಯಾಗಿ ಬಂತು. ಮೆಕ್ಕೆಜೋಳ ನನ್ನ ತಲೆ ಮೀರಿ ನಿಂತಿದೆ. ಅಮ್ಮನ ಮಂಡಿನೋವು ಹಾಗೇ ಇದೆ. ಆದರೂ ಬೆಳಿಗ್ಗೆ ಎದ್ದು ಅಂಗಳ ಗುಡಿಸುವುದು ತಾನೇ ಆಗಬೇಕು, ಬೇರೆಯವರು ಪೊರಕೆ ಮುಟ್ಟಿದರೆ ಬೈತಾಳೆ. ಫಲೆಸಿ ಚಿಕ್ಕಮ್ಮ ಚರ್ಚಿನ ಹಾಡಿನ ಗುಂಪು ಬಿಟ್ಟಿದ್ದಳು. ಯಾರೋ ಅವಳ ದನಿ ಮೇಕೆಯ ಹಾಗಿದೆ ಅಂದರಂತೆ. ಒಂದೆರಡು ಭಾನುವಾರ ಹೊರಗೆ ಮರದ ಕೆಳಗೆ ಕೂತು ಒಳಗಿನವರಿಗಿಂತ ಜೋರಾಗಿ ಹಾಡಿದಳು. ಕೊನೆಗೆ ಪಾದ್ರಿಗಳೇ ಎದ್ದು ಬಂದು ಒಳಗೆ ಕರಕೊಂಡು ಹೋದರು.

ಈಗ ದೊಡ್ಡ ಸುದ್ದಿ. ನನ್ನ ಮಗಳು ತಿಯಾಮಿಕೆಯನ್ನು ಹೆಣ್ಣು ಕೇಳಿಕೊಂಡು ಬಂದಿದ್ದರು. ಹುಡುಗನ ಹೆಸರು ಸಾಂಡೆ, ದರ್ಜಿ. ಹೋದ ವರ್ಷದಿಂದ ಸಂತೆ ಬೀದಿಯ ಕಿರಾಣಿ ಅಂಗಡಿಯ ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ಕೂತಿದ್ದಾನೆ. ಊರು ದೂರ, ತೀರಾ ದಕ್ಷಿಣದಲ್ಲಿ, ಷೀರೆ ನದಿಯ ಕೆಳದಂಡೆ. ಅವನ ಕಡೆಯ ಇಬ್ಬರು ಹಿರಿಯರು ಅಷ್ಟು ದೂರದಿಂದ ಬಂದು ನಮ್ಮ ಅಂಗಳದಲ್ಲಿ ಕೂತು ಮೊದಲು ಕೇಳಿದ್ದೇ, "ಹುಡುಗಿಯ ಸೋದರಮಾವ ಯಾರು?" ಅಂತ. ಇದ್ದಾನೆ, ಆದರೆ ಇಲ್ಲಿಲ್ಲ ಅಂದೆ. ನಿನಗೆ ಅಂತ ಹಾಸಿದ್ದ ಚಾಪೆ ಖಾಲಿ ಇತ್ತು. ಅದನ್ನು ನೋಡಿ ಅವರಲ್ಲೊಬ್ಬ, "ಚಾಪೆ ಮಾತಾಡಲ್ವಲ್ಲಮ್ಮಾ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡಲಿ.

ತಿಯಾಮಿಕೆಯನ್ನು ಕೇಳಿದರೆ, ತೊಳೆದಿಟ್ಟ ಮಡಕೆಯನ್ನೇ ಮತ್ತೆ ತೊಳೀತಾ ಕೂತಳು. ಅಂದರೆ ಅವಳಿಗೆ ಮನಸ್ಸಿದೆ. ಅವಳಪ್ಪ ಸರೋವರಕ್ಕೆ ಹೋದವನು ದೋಣಿ ಸಮೇತ ಇಲ್ಲವಾದ ಮೇಲೆ ಅವಳಿಗೆ ಎಲ್ಲ ನೀನೇ. ಹೂಂ ಅನ್ನಲಾ, ಊಹೂಂ ಅನ್ನಲಾ? ಬೇಗ ಬರೆ.

ನಿನ್ನ ತಂಗಿ,
ಎನೆಲೆಸಿ

*

ಗಣಿ ಹಾಸ್ಟೆಲ್, ಜೋಹಾನ್ಸ್‌ಬರ್ಗ್
24 ಮಾರ್ಚ್ 1985

ಎನೆಲೆಸಿ,

ನಿನ್ನ ಕಾಗದ ನಿನ್ನೆ ಸಿಕ್ಕಿತು. ಓದಿ ಬಹಳ ಸಂತೋಷವಾಯಿತು. ಮೊನ್ನೆ ಮೊನ್ನೆ ನನ್ನ ಹೆಗಲ ಮೇಲೆ ಕೂತು ಮೀನು ಒಣಹಾಕಿದ ಕಡೆ ಕಾಗೆ ಓಡಿಸುತ್ತಿದ್ದವಳು.

ನಾನು ಅದೇ ಅಡುಗೆಮನೆಯಲ್ಲಿದ್ದೇನೆ. ಕೆಳಗೆ ಗಣಿಗೆ ಇಳಿಯುವುದು ತಪ್ಪಿದೆ, ಅಮ್ಮನಿಗೆ ಹೇಳು. ಇಲ್ಲಿ ನ್ಸಿಮಾ ಬೇಯಿಸುವ ಪಾತ್ರೆಯಲ್ಲಿ ನಮ್ಮ ಮೇಕೆಗಳನ್ನೆಲ್ಲ ನಿಲ್ಲಿಸಬಹುದು. ತಿರುವುವ ಕೋಲು ದೋಣಿಯ ಹುಟ್ಟಿನಷ್ಟು ಉದ್ದ. ಆ ಮುದ್ದೆಯನ್ನು ಅಮ್ಮ ನೋಡಿದರೆ ಅಳುತ್ತಾಳೆ.

ಹುಡುಗನ ವಿಷಯ. ಅವನನ್ನು ಬೆಳೆಸಿದವರು ಯಾರು, ಕುಡಿತಾನಾ, ಸಂತೆಯಲ್ಲಿ ಅವನ ಪಕ್ಕದಲ್ಲಿ ಕೂರುವವರು ಏನಂತಾರೆ, ಇಷ್ಟು ವಿಚಾರಿಸು. ಒಂದು ದಿನ ಅವನ ಜಗಲಿಯ ಹತ್ತಿರ ಸುಮ್ಮನೆ ನಿಂತು ನೋಡು. ಹೊಲೀತಾ ಇರುವಾಗ ದಾರ ಕಡಿದರೆ ಏನು ಮಾಡ್ತಾನೆ ನೋಡು. ಅಷ್ಟು ಸಾಕು.

ಇನ್ನೊಂದು ಮಾತು. ಅವನು ನಮ್ಮೂರಲ್ಲೇ ಮನೆ ಕಟ್ಟಿ ಇರ್ತಾನಾ ಅಂತ ನಾಲ್ಕು ಜನರ ಮುಂದೆ ಕೇಳಬೇಕು. ಅವರ ಕಡೆ ಹೆಣ್ಣು ಗಂಡನ ಊರಿಗೆ ಹೋಗುವ ಪದ್ಧತಿ. ನಾವು ಹೆಣ್ಣುಮಕ್ಕಳನ್ನು ಕಳಿಸುವವರಲ್ಲ. ಇದು ಇತ್ಯರ್ಥವಾಗದೆ ಕೋಳಿ ಬದಲಾಯಿಸಿಕೊಂಡು ಮದುವೆ ಗಟ್ಟಿ ಮಾಡಿಬಿಡಬೇಡಿ. ಮುಂದಿನ ವರ್ಷ ಚಳಿಗಾಲಕ್ಕೆ ನನ್ನ ಕರಾರು ಮುಗಿಯುತ್ತದೆ. ಮಾವ ಬರುವ ತನಕ ಕಾಯಿರಿ ಅಂತ ಹೇಳು. ಮನಸ್ಸಿದ್ದವನು ಕಾಯ್ತಾನೆ.

ನಿನ್ನ ಅಣ್ಣ,
ಜೈರೋಸಿ

*

ಚಿಪಾಲಾ
8 ಮೇ 1985

ಅಣ್ಣ,

ನೀನು ಬೈಯುವ ಮೊದಲು ಎಲ್ಲ ಹೇಳಿಬಿಡ್ತೀನಿ. ನಿನ್ನ ಕಾಗದ ಬಂದದ್ದು ಸೋಮವಾರ. ಕೋಳಿ ಬದಲಾದದ್ದು ಅದರ ಹಿಂದಿನ ಶನಿವಾರ.

ಆ ಹಿರಿಯರು ಮತ್ತೆ ಬಂದರು. ಇಷ್ಟು ದೂರ ಇನ್ನೊಂದು ಸಲ ಬರುವ ಶಕ್ತಿ ನಮ್ಮ ಕಾಲಿಗಿಲ್ಲ, ಏನಿದ್ದರೂ ಈಗಲೇ ಹೇಳಿ ಅಂದರು. ತಿಯಾಮಿಕೆ ಊಟ ಬಿಟ್ಟು ಕೂತಳು. ಕೊನೆಗೆ ಫಲೆಸಿ ಚಿಕ್ಕಮ್ಮನೇ, "ನನ್ನ ಮಗ ಬಿಸ್ವಿಕ್ ಕೂಡ ಅವಳಿಗೆ ಸೋದರಮಾವನೇ ತಾನೇ? ಕೂರಿಸಿ ಅವನನ್ನ" ಅಂದಳು. ನಿನ್ನ ಚಾಪೆಯ ಮೇಲೆ ಬಿಸ್ವಿಕ್ ಕೂತ. ಅವರ ಹುಂಜ ಇವನ ಕೈ ತಪ್ಪಿಸಿಕೊಂಡು ಕಣಜದ ಕೆಳಗೆ ನುಗ್ಗಿತು. ಹಿರಿಯರು, ಕಿರಿಯರು, ಪಾದ್ರಿಗಳು ಎಲ್ಲ ಹುಂಜದ ಹಿಂದೆ. ಹಿಡಿದದ್ದು ಸಾಂಡೆಯೇ. ಬಗ್ಗಿ, ಮೆಲ್ಲಗೆ ಕರೆದು, ನೋಯಿಸದೆ ಹಿಡಿದ. ಅದನ್ನು ನೋಡಿ ನನಗೆ ಸಮಾಧಾನವಾಯಿತು.

ಇಲ್ಲೇ ಇರ್ತೀನಿ ಅಂತ ಎಲ್ಲರ ಮುಂದೆ ಒಪ್ಪಿದ್ದಾನೆ. ನಮ್ಮ ಮನೆ ಹಿಂದೆ ಜಾಗ ತೋರಿಸಿದ್ದೇವೆ, ಇಟ್ಟಿಗೆ ಹಾಕ್ತಿದ್ದಾನೆ. ನೀನು ಬರೆದ ಹಾಗೆ ದಾರ ಕಡಿದಾಗ ಏನು ಮಾಡ್ತಾನೆ ನೋಡೋಣ ಅಂತ ಮೊನ್ನೆ ಸಂತೆಗೆ ಹೋಗಿ ಬಹಳ ಹೊತ್ತು ನಿಂತಿದ್ದೆ. ದಾರ ಕಡೀಲೇ ಇಲ್ಲ ಅಣ್ಣ.

ಕೋಪ ಮಾಡಿಕೋಬೇಡ. ನೀನಿದ್ದರೂ ಹೂಂ ಅಂತಿದ್ದೆ.

ಎನೆಲೆಸಿ

*

ಗಣಿ ಹಾಸ್ಟೆಲ್
19 ಜೂನ್ 1985

ಎನೆಲೆಸಿ,

ಕೋಪ ಬಂತು. ಆ ದಿನ ದೊಡ್ಡ ಪಾತ್ರೆಯ ತಳ ಹಿಡಿಸಿ ಬೈಸಿಕೊಂಡೆ. ಈಗ ಇಳಿದಿದೆ. ಆದದ್ದು ಒಳ್ಳೆಯದೇ ಆಗಲಿ. ಊರಿಗೆ ಹೊರಟ ಒಬ್ಬರ ಕೈಯಲ್ಲಿ ತಿಯಾಮಿಕೆಗೆ ಎರಡು ಚಿಟೆಂಜೆ ಬಟ್ಟೆ, ಹುಡುಗನಿಗೆ ಒಂದು ಒಳ್ಳೆಯ ಕತ್ತರಿ ಕಳಿಸಿದ್ದೇನೆ. ಬಿಸ್ವಿಕ್‌ಗೆ ಏನೂ ಕಳಿಸಿಲ್ಲ, ನನ್ನ ಚಾಪೆಯಲ್ಲಿ ಕೂತದ್ದೇ ಅವನಿಗೆ ಸಾಕು.

ಇಲ್ಲಿ ಷೀರೆಯ ಕೆಳದಂಡೆಯವನೊಬ್ಬ ಇದ್ದಾನೆ, ಕೆಳಗೆ ಗಣಿಯಲ್ಲಿ ಕೆಲಸ. ತಟ್ಟೆ ಹಿಡಿದು ನನ್ನ ಮುಂದೆ ಬಂದಾಗ ನಮ್ಮ ಅಳಿಯನ ಹೆಸರು ಹೇಳಿದೆ. "ಸಾಂಡೆ? ದರ್ಜಿ ಸಾಂಡೆಯಾ?" ಅಂದ. ಹೌದು ಅಂದೆ. "ಅವನ ಕೈ ಬಲು ಜೋರು" ಅಂದು ತಟ್ಟೆ ತಗೊಂಡು ಹೋದ. ಹೊಲಿಗೆಯಲ್ಲಿ ಜೋರು ಅಂತ ನಾನು ಅಂದುಕೊಂಡೆ.

ನೀನು ಊರಿನ ಎಲ್ಲರ ಸುದ್ದಿ ಬರೀತೀಯ. ಮೇಕೆಯದ್ದು, ಹುಂಜದ್ದು ಕೂಡ. ತಿಯಾಮಿಕೆ ಹೇಗಿದ್ದಾಳೆ ಅಂತ ಸ್ವಲ್ಪ ಬಿಡಿಸಿ ಬರೆ. ಅವಳನ್ನೇ ಬರೆಯೋಕೆ ಹೇಳು.

ಜೈರೋಸಿ

*

ಚಿಪಾಲಾ
22 ಸೆಪ್ಟೆಂಬರ್ 1985

ಪ್ರೀತಿಯ ಅಣ್ಣ,

ಬರೆಯುವುದು ತಡವಾಯಿತು. ಬಟ್ಟೆ, ಕತ್ತರಿ ತಲುಪಿದವು. ಅಮ್ಮ ಬಟ್ಟೆಯನ್ನು ಮೂಗಿಗೆ ಹಿಡಿದು, "ಜೈರೋಸಿಯ ವಾಸನೆ ಇಲ್ಲ, ಅಂಗಡಿ ವಾಸನೆ" ಅಂದಳು. ಬಿಸ್ವಿಕ್‌ನ ಹೆಂಡತಿಗೆ ಅವಳಿ ಮಕ್ಕಳು, ಎರಡೂ ಹೆಣ್ಣು. ಮಿಷನ್ ಆಸ್ಪತ್ರೆಯ ಹತ್ತಿರ ಕೈಪಂಪು ಹಾಕಿದ್ದಾರೆ. ನೀರು ತುಕ್ಕಿನ ರುಚಿ, ಆದರೂ ಅಲ್ಲೇ ಜಗಳ. ಉಸಿಪಾ ಮೀನು ಈ ಸಲ ರಾಶಿ ರಾಶಿ ಬಿತ್ತು.

ಸಾಂಡೆಯ ಗೋಡೆ ಸೊಂಟದ ಮಟ್ಟಕ್ಕೆ ನಿಂತಿದೆ, ಮೇಲೆ ಏಳುತ್ತಿಲ್ಲ. ಫಲೆಸಿ ಚಿಕ್ಕಮ್ಮನ ಬಾಯಿ ನಿನಗೆ ಗೊತ್ತು. ಅಂಗಳದಲ್ಲಿ ಅವನು ಕಂಡರೆ ಸಾಕು, "ಮನೆ ಅಳಿಯಂದಿರೇ, ಸೌದೆ ಮುಗಿದಿದೆ" ಅಂತಾಳೆ, "ನಿಮ್ಮೂರಲ್ಲಿ ನೆಲ ಇರಲಿಲ್ವಾ, ನಮ್ಮ ಹುಡುಗಿಯ ನೆರಳಲ್ಲಿ ಕೂರೋಕೆ ಬಂದ್ರಿ?" ಅಂತಾಳೆ. ಎಲ್ಲರೂ ನಗ್ತಾರೆ. ಮೊದಲು ಅವನೂ ನಗ್ತಿದ್ದ. ಈಗ ಮಕ್ಕಳು ಕೂಡ ದರ್ಜಿ, ದರ್ಜಿ ಅಂತಲೇ ಕರೆಯೋದು. ನಾನೂ ಒಂದೆರಡು ಸಲ ಹಾಗೇ ಕರೆದಿರಬೇಕು.

ಹೋದ ವಾರ ತಿಯಾಮಿಕೆ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬಂದಳು. ಬಾವಿ ಹತ್ತಿರ ಜಾರಿಬಿದ್ದಳಂತೆ. ಈಗ ಬಾವಿ ಹತ್ತಿರ ಕೆಸರಿಲ್ಲ, ನೆಲ ಒಣಗಿ ಬಿರುಕು ಬಿಟ್ಟಿದೆ. ಆದರೂ ಜಾರಿದಳಂತೆ. ನಾನು ಎಣ್ಣೆ ತಿಕ್ಕಿದೆ. ಅವಳು ನನ್ನ ಮುಖ ನೋಡಲಿಲ್ಲ. ಅಮ್ಮ ನೋಡಿ, ಪೊರಕೆ ಕೆಳಗಿಟ್ಟು ಒಳಗೆ ಹೋದಳು.

ಅವಳನ್ನು ತನ್ನ ಊರಿಗೆ ಕರಕೊಂಡು ಹೋಗ್ತೀನಿ ಅಂತಿದ್ದಾನೆ ಸಾಂಡೆ. ಅಲ್ಲಿ ಕಬ್ಬಿನ ತೋಟದಲ್ಲಿ ಅವನ ಕಡೆಯವರೆಲ್ಲ ಕೆಲಸಕ್ಕಿದ್ದಾರಂತೆ. ನಾವೆಲ್ಲ ಒಂದೇ ಮಾತು ಹೇಳಿದೆವು, ಮಾವ ಬರುವ ತನಕ ಕಾಯಬೇಕು ಅಂತ. ಅದಕ್ಕೆ ಅವನು, "ಎಲ್ಲಿದ್ದಾನೆ ಆ ಮಾವ? ನಾನಂತೂ ನೋಡಿದ್ದು ಬರೀ ಕಾಗದ" ಅಂದ.

ಇನ್ನೇನು ಬರೆಯಲಿ ಅಣ್ಣ. ಮಾವಿನ ಮರ ತುಂಬ ಹೀಚುಗಾಯಿ ಕಚ್ಚಿದೆ.

ಎನೆಲೆಸಿ

*

ಗಣಿ ಹಾಸ್ಟೆಲ್
3 ನವೆಂಬರ್ 1985

ಎನೆಲೆಸಿ,

ಬಾವಿಯ ವಿಷಯ ಮತ್ತೆ ಮತ್ತೆ ಓದಿದೆ. ಆ ಷೀರೆಯವನನ್ನು ಹುಡುಕಿಕೊಂಡು ಹೋದೆ. ಬಲವಂತ ಮಾಡಿದ ಮೇಲೆ ಹೇಳಿದ, ಸಾಂಡೆಗೆ ಮೊದಲೊಬ್ಬ ಹೆಂಡತಿ ಇದ್ದಳಂತೆ, ತವರಿಗೆ ವಾಪಸು ಹೋದಳಂತೆ. ಯಾಕೆ ಅಂದೆ. "ಅವಳನ್ನೇ ಕೇಳು" ಅಂದ.

ಅವತ್ತೇ ಕಚೇರಿಗೆ ಹೋಗಿ ರಜೆ ಕೇಳಿದೆ. ಗುಮಾಸ್ತ ಕೇಳಿದ, "ಯಾರು ಸತ್ತರು?"

"ಯಾರೂ ಸತ್ತಿಲ್ಲ ಸ್ವಾಮಿ."

"ಮತ್ತೆ ಯಾಕೆ ಹೋಗಬೇಕು?"

"ಸತ್ತ ಮೇಲೆ ಹೋಗಿ ಏನು ಮಾಡಲಿ?"

ಅವನು ಒಳ್ಳೆಯ ಮನುಷ್ಯನೇ. ನಗಲಿಲ್ಲ. ಹೆಂಡತಿ ಸತ್ತರೆ, ಮಗು ಸತ್ತರೆ, ಹೆತ್ತವರು ಸತ್ತರೆ ಬಿಡಬಹುದು, ತಂಗಿಯ ಮಗಳು ಆ ಲೆಕ್ಕಕ್ಕೆ ಬರುವುದಿಲ್ಲ ಅಂದ. ನಮ್ಮಲ್ಲಿ ಅವಳು ನನ್ನ ಮಗಳೇ, ನನ್ನ ಕುಲವೇ ಅವಳ ಹೊಟ್ಟೆಯಲ್ಲಿ ಬೆಳೆಯಬೇಕು ಅಂತ ಹೇಗೆ ಹೇಳಲಿ, ಅವನ ಭಾಷೆಯಲ್ಲಿ? ನನಗೆ ಬರುವುದು ನೀರು, ಉಪ್ಪು, ಬೆಂಕಿ, ಬೇಗ, ಇಷ್ಟೇ ಮಾತು. ಓಡಿಹೋಗೋಣ ಅಂದರೆ ಗಡಿ ದಾಟುವ ಕಾಗದವೆಲ್ಲ ಅವರ ಪೆಟ್ಟಿಗೆಯಲ್ಲಿದೆ.

ಅವಳನ್ನು ಕಳಿಸಬೇಡ. ಬಿಸ್ವಿಕ್ ಅವಳನ್ನು ಊರ ಮುಖ್ಯಸ್ಥರ ಹತ್ತಿರ ಕರಕೊಂಡು ಹೋಗಲಿ, ಮಣಿಕಟ್ಟು ತೋರಿಸಲಿ. ಅವನು ಹೋಗುವುದಾದರೆ ಒಬ್ಬನೇ ಹೋಗಲಿ. ಫಲೆಸಿ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳಿ, ದಯವಿಟ್ಟು ಸ್ವಲ್ಪ ದಿನ ಸುಮ್ಮನಿರೋಕೆ ಹೇಳು. ಈ ಕಾಗದ ಬೇಗ ತಲುಪಲಿ.

ಜೈರೋಸಿ

*

ಚಿಪಾಲಾ
11 ಜನವರಿ 1986

ಅಣ್ಣ,

ನಿನ್ನ ಕಾಗದ ಕ್ರಿಸ್ಮಸ್ ಟಪಾಲಿನ ರಾಶಿಯ ಅಡಿಯಲ್ಲಿತ್ತು. ಹೊಸ ವರ್ಷ ಕಳೆದ ಮೇಲೆ ಕೈಗೆ ಬಂತು. ಅವರು ಹೊರಟದ್ದು ಡಿಸೆಂಬರಿನ ಮೊದಲ ಮಳೆಯಲ್ಲಿ.

ಒಣಮೀನಿನ ಲಾರಿಯೊಂದು ದಕ್ಷಿಣಕ್ಕೆ ಹೊರಟಿತ್ತು. ಅವನು ಮಿಷನ್ ಬಿಚ್ಚಿ ಗೋಣಿಯಲ್ಲಿ ಕಟ್ಟಿದ್ದ. ಬಿಸ್ವಿಕ್ ಲಾರಿಯ ಮುಂದೆ ಅಡ್ಡ ನಿಂತ. "ಮಾವನ ಅಪ್ಪಣೆ ಇಲ್ಲದೆ ನಮ್ಮ ಹುಡುಗಿಯನ್ನು ಹತ್ತಿಸೋ ಹಾಗಿಲ್ಲ." ಸಾಂಡೆ ದನಿ ಎತ್ತಲಿಲ್ಲ. "ಅವಳನ್ನೇ ಕೇಳಿ" ಅಂದ. ಎಲ್ಲರೂ ಅವಳ ಕಡೆ ನೋಡಿದೆವು. ಅವಳು ಬಸುರಿ ಅಣ್ಣ, ನಾಲ್ಕೈದು ತಿಂಗಳಿರಬೇಕು, ನನಗೂ ಆಗ ತಾನೇ ಗೊತ್ತಾಗಿತ್ತು.

ನನ್ನನ್ನು ಪಕ್ಕಕ್ಕೆ ಕರೆದು, "ಹೋಗ್ತೀನಮ್ಮಾ. ಇಲ್ಲಿ ಎಲ್ಲರೂ ನಗೋದು ಅವರಿಗೆ ಆಗ್ತಿಲ್ಲ. ಅವರ ಊರಲ್ಲಿದ್ರೆ ಕೋಪ ಇಳಿಯುತ್ತೆ" ಅಂದಳು.

"ಇಳೀದೇ ಇದ್ರೆ?"

ನನ್ನ ತಲೆಬಟ್ಟೆ ಸಡಿಲವಾಗಿತ್ತು, ಅದನ್ನು ಸರಿಮಾಡಿ ಕಟ್ಟಿದಳು. ಲಾರಿ ಹೊರಟಾಗ ಫಲೆಸಿ ಚಿಕ್ಕಮ್ಮ ಬೇಯಿಸಿದ ಗೆಣಸಿನ ಬುಟ್ಟಿ ಹಿಡಿದು ಹಿಂದೆ ಓಡಿದಳು. "ಸಾಂಡೆಯವರೇ, ನಮ್ಮಪ್ಪಾ, ದಾರಿಗೆ ಇಟ್ಟುಕೊಳ್ಳಿ" ಅಂತ ಕೂಗಿಕೊಂಡು. ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳ ಕೈಗೆ ಲಾರಿ ಸಿಗಲಿಲ್ಲ. ರಸ್ತೆಯಲ್ಲೇ ಕೂತುಬಿಟ್ಟಳು.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಕಳಿಸಬೇಡ ಅಂತ ನೀನು ಬರೆದಲ್ಲಿ ಅಮ್ಮ, "ಅದನ್ನ ಇನ್ನೊಮ್ಮೆ ಓದು" ಅಂದಳು. ಓದಿದೆ.

ನಿನ್ನ ವಿಳಾಸ ಅವಳ ಗಂಟಿನಲ್ಲಿ ಹಾಕಿದ್ದೇನೆ.

ಎನೆಲೆಸಿ

*

ಕಬ್ಬಿನ ತೋಟದ ಕೂಲಿಸಾಲು, ಚಿಕ್ವಾವಾ
25 ಮೇ 1986

ಪೂಜ್ಯ ಮಾವನವರಿಗೆ,

ನಾವು ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇವೆ. ಏಪ್ರಿಲ್‌ನಲ್ಲಿ ಗಂಡುಮಗು ಹುಟ್ಟಿತು. ನಿಮ್ಮ ಹೆಸರೇ ಇಟ್ಟಿದ್ದೇನೆ. ಇಲ್ಲಿ ಕಬ್ಬು ಕಡಿಯುವ ಮೊದಲು ಗದ್ದೆಗೆ ಬೆಂಕಿ ಹಾಕುತ್ತಾರೆ, ಒಣಹಾಕಿದ ಬಟ್ಟೆಯ ಮೇಲೆಲ್ಲ ಕರಿ ಬೀಳುತ್ತದೆ. ಸೆಕೆ ಬಹಳ. ಇವರಿಗೆ ತೋಟದಲ್ಲಿ ಕೆಲಸ ಸಿಕ್ಕಿದೆ, ಸಂಜೆ ಹೊಲಿಗೆ. ಇವರು ಪಕ್ಕದಲ್ಲೇ ಕೂತಿದ್ದಾರೆ, ನಿಮಗೆ ನಮಸ್ಕಾರ ಹೇಳಿದ್ದಾರೆ. ಎಲ್ಲರೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅಮ್ಮನಿಗೆ ಚಿಂತೆ ಮಾಡಬೇಡ ಎಂದು ತಿಳಿಸಿ. ಬಿಸ್ವಿಕ್ ಮಾವನನ್ನು ಕಳಿಸುವುದು ಬೇಡ.

ನಿಮ್ಮ ಕರಾರು ಮುಗಿಯುತ್ತಾ ಬಂತಲ್ಲ. ಬ್ಲಾಂಟೈರ್‌ನಲ್ಲಿ ಇಳಿದರೆ ಇಲ್ಲಿಗೆ ಹತ್ತಿರ. ಊರಿಗೆ ಹೋಗುವ ಮೊದಲು ಇಲ್ಲಿಗೆ ಬನ್ನಿ. ಮಗುವನ್ನು ನೋಡಿಕೊಂಡು ಹೋಗಿ ಅಂತ, ಅಷ್ಟೇ. ಮೊದಲು ಇಲ್ಲಿಗೆ ಬನ್ನಿ ಮಾವ.

ತಿಯಾಮಿಕೆ

*

ಚಿಕ್ವಾವಾ
20 ಆಗಸ್ಟ್ 1986

ಎನೆಲೆಸಿ,

ನಾನು ದೇಶಕ್ಕೆ ಬಂದಿದ್ದೇನೆ. ನೀವೆಲ್ಲ ಸಂತೆ ಬೀದಿಯಲ್ಲಿ ಬಸ್ಸು ಕಾಯ್ತಿದ್ದೀರಿ ಅಂತ ಗೊತ್ತು. ಕ್ಷಮಿಸು, ಮೊದಲು ಇಲ್ಲಿಗೆ ಬಂದೆ. ಅವಳು ನನಗೆ ಕಾಗದ ಬರೆದಿದ್ದಳು. ಹುಟ್ಟಿದಾಗಿನಿಂದ ನನಗೆ ನೀನು ಅಂತಲೇ ಅನ್ನುತ್ತಿದ್ದ ಹುಡುಗಿ ನೀವು, ತಾವು ಅಂತ ಬರೆದಿದ್ದಳು. ಅದನ್ನು ಓದಿದ ಮೇಲೆ ನಾನು ಬೇರೆ ಕಡೆ ಹೇಗೆ ಹೋಗಲಿ?

ಅವಳು ಬದುಕಿದ್ದಾಳೆ, ಮಗು ಗುಂಡಗಿದೆ. ಮೊದಲು ಇಷ್ಟು ತಿಳಿದುಕೋ.

ಅವರ ಅಂಗಳಕ್ಕೆ ಹೋದಾಗ ಅವಳು ಜೋಳ ಕುಟ್ಟುತ್ತಿದ್ದಳು. ಒನಕೆ ಕೈಬಿಟ್ಟು ಓಡಿ ಬರ್ತಾಳೆ ಅಂದುಕೊಂಡಿದ್ದೆ. ಬರಲಿಲ್ಲ. ಮೊದಲು ಬಾಗಿಲ ಕಡೆ ನೋಡಿದಳು, ಆಮೇಲೆ ಮಂಡಿಯೂರಿ ನಮಸ್ಕಾರ ಮಾಡಿದಳು. ಹುಬ್ಬಿನ ಮೇಲೆ ಗಾಯ ಮಾಗಿದ ಗುರುತಿದೆ. ಮುಂದಿನ ಒಂದು ಹಲ್ಲಿಲ್ಲ. ನಾನು ಕೇಳಲಿಲ್ಲ, ಕೇಳಿದ್ದರೆ ಬಾವಿಯ ಕಥೆಯನ್ನೇ ಹೇಳಬೇಕಾಗುತ್ತಿತ್ತು ಅವಳು.

ಸಾಂಡೆಯ ಅಪ್ಪ ನನಗೆ ಕುರ್ಚಿ ಹಾಕಿಸಿದ, ನೀರು ಕೊಟ್ಟ. ಮರ್ಯಾದೆಗೆ ಏನೂ ಕಮ್ಮಿ ಮಾಡಲಿಲ್ಲ. ನಾನು ನೇರ ಹೇಳಿದೆ, "ನಾನು ಇವಳ ಸೋದರಮಾವ. ಇವಳ ಮೇಲೆ ಕೈ ಎತ್ತೋದು ನನ್ನ ಮೇಲೆ ಎತ್ತಿದ ಹಾಗೆ. ಇವಳನ್ನೂ ಮಗುವನ್ನೂ ಕರಕೊಂಡು ಹೋಗ್ತೀನಿ."

ಮುದುಕ, "ನಿಮ್ಮ ಹುಡುಗಿ ಹೋಗಬೇಕು ಅಂದ್ರೆ ತಡೆಯೋದಿಲ್ಲ. ಮಗು ನಮ್ಮ ಮನೇದು. ಇಲ್ಲಿ ಮಗು ಅಪ್ಪನದು" ಅಂದ.

"ಹಾಲು ಕುಡಿಯೋ ಕೂಸು ಅದು."

"ನಮ್ಮನೇಲೂ ಬಾಣಂತಿಯರಿದ್ದಾರೆ."

ಮಗುವನ್ನು ಅವರೆಲ್ಲ ಫೊಂಬೆ ಅಂತ ಕರೀತಾರೆ, ಮುತ್ತಾತನ ಹೆಸರಂತೆ. ನನ್ನ ಹೆಸರನ್ನು ಅಲ್ಲಿ ಯಾರೂ ಕೇಳಿಯೇ ಇರಲಿಲ್ಲ.

ಆಮೇಲೆ ಸಾಂಡೆ ಬಂದ. ಕೂಗಾಡ್ತಾನೆ ಅಂದುಕೊಂಡಿದ್ದೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ, "ನಿಮ್ಮನೇಲಿ ಇದ್ದಷ್ಟು ದಿನವೂ ನಾನು ದರ್ಜಿ. ಮಕ್ಕಳ ಬಾಯಲ್ಲೂ ದರ್ಜಿ. ಇವಳು ಕೇಳಿಕೊಂಡು ಸುಮ್ಮನೆ ನಿಂತಿರ್ತಿದ್ದಳು. ಇಲ್ಲಿ ನನಗೊಂದು ಹೆಸರಿದೆ."

"ಅದಕ್ಕೆ ಹೊಡೀತೀಯಾ?" ಅಂದೆ.

ತಲೆ ತಗ್ಗಿಸಿದ. ನಾಚಿಕೆ ಇತ್ತು ಎನೆಲೆಸಿ, ನಾನು ಕಂಡೆ. ನಾಚಿಕೆ ಇದ್ದೂ ಹೊಡೆಯುವವನನ್ನು ಏನು ಮಾಡುವುದು? ಬರೀ ದುಷ್ಟನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ಇಲ್ಲಿನ ಮುಖ್ಯಸ್ಥರ ಹತ್ತಿರ ಹೋದೆ. "ನಿಮ್ಮ ಪದ್ಧತಿ ನಿಮ್ಮ ಸರೋವರದ ದಂಡೆಯಲ್ಲಿ. ನಾನು ಬೇಕಾದರೆ ಹುಡುಗನಿಗೆ ಬುದ್ಧಿ ಹೇಳಬಲ್ಲೆ" ಅಂದರು. ಹೇಳಿದರು ಕೂಡ. ಅದಾದ ಮರುದಿನ ತಿಯಾಮಿಕೆ ಕುಂಟುತ್ತಿದ್ದಳು. ಆಮೇಲೆ ಅವಳೊಂದಿಗೆ ನಾನು ಮಾತಾಡಕೂಡದು ಅಂತ ಸಾಂಡೆ ಹೇಳಿ ಕಳಿಸಿದ. ಮಾತಾಡಿದರೆ ಕಷ್ಟ ಯಾರಿಗೆ ಅಂತ ನಿನಗೂ ಗೊತ್ತು.

ಅದಕ್ಕೆ ಮೊದಲು ಸಿಕ್ಕ ಒಂದೇ ಗಳಿಗೆಯಲ್ಲಿ, "ಬಾ ಮಗಳೇ, ಮಗುವನ್ನು ಎತ್ತಿಕೋ, ಬಸ್ಸಿಗೆ ಓಡಿಬಿಡೋಣ" ಅಂದೆ. "ಅವರು ಊರಿಗೇ ಬಂದು ಕಿತ್ತುಕೊಂಡು ಬರ್ತಾರೆ ಮಾವ. ಆಮೇಲೆ ನಾನು ಅವನನ್ನ ಮತ್ತೆ ಕಣ್ಣಲ್ಲಿ ಕಾಣಲ್ಲ" ಅಂದಳು. ಆಮೇಲೆ, "ನೀನು ಊಟ ಮಾಡಿದ್ಯಾ?" ಅಂದಳು. ಆಗ ಮಾತ್ರ ನೀನು ಅಂದಳು.

ನಾನು ಅವಳನ್ನು ಕರೆತರಲಾರೆ, ಬಿಟ್ಟು ಬರಲಾರೆ. ತೋಟದ ಕೂಲಿಯವರ ಅಡುಗೆಮನೆಗೆ ಆಳು ಬೇಕಿತ್ತು. ಇದೇ ಸೋಮವಾರದಿಂದ ಸೇರಿಕೊಂಡಿದ್ದೇನೆ. ದೊಡ್ಡ ಪಾತ್ರೆ, ಉದ್ದ ಕೋಲು, ನನಗೆ ಹೊಸದೇನಲ್ಲ. ಅಮ್ಮನಿಗೆ ನೀನೇ ಏನಾದರೂ ಹೇಳು.

ಜೈರೋಸಿ

*

ಚಿಪಾಲಾ
14 ಸೆಪ್ಟೆಂಬರ್ 1986

ಅಣ್ಣ,

ನಿನ್ನ ಕಾಗದ ಓದಿ ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಎರಡು ವರ್ಷ ಕಾದೆವು. ಬಂದವನು ಬಂದೂ ಬರಲಿಲ್ಲ. ಅಮ್ಮ ಒಂದೇ ಮಾತು ಕೇಳಿದಳು, "ಅವನು ಅವಳ ಹತ್ತಿರ ಇದ್ದಾನಾ?" ಹೂಂ ಅಂದೆ. "ಹಾಗಾದ್ರೆ ಇರಲಿ ಬಿಡು" ಅಂದು ಎದ್ದಳು. ಮಂಡಿ ಈಗ ತೀರಾ ಹೋಗಿದೆ, ಕೈ ಹಿಡಿದು ಎಬ್ಬಿಸಬೇಕು. ಹಾಗಿಲ್ಲದಿದ್ದರೆ ನಾನೇ ಬರ್ತಿದ್ದೆ. ರಾತ್ರಿಯೆಲ್ಲ ಮನಸ್ಸಿನಲ್ಲೇ ಬಸ್ಸು ಹತ್ತುತ್ತಿರ್ತೀನಿ, ಬೆಳಿಗ್ಗೆ ಅಮ್ಮನಿಗೆ ಬಿಸಿನೀರು ಕಾಯಿಸ್ತೀನಿ.

ಅಂಗಳದಲ್ಲಿ ಈಗ ಯಾರೂ ಯಾರನ್ನೂ ಹಾಸ್ಯ ಮಾಡುವುದಿಲ್ಲ.

ಹುಬ್ಬಿನ ಗುರುತು ಎಡಕ್ಕೋ ಬಲಕ್ಕೋ ನೀನು ಬರೆದಿಲ್ಲ. ಗೊತ್ತಾಗಿ ಏನು ಮಾಡಬೇಕು ಅಂತ ಕೇಳಬೇಡ, ಬರೆ. ಮಗು ಯಾರ ಹಾಗಿದೆ ಅಂತಲೂ ಬರೆ.

ಇಲ್ಲಿಯ ಸುದ್ದಿಯನ್ನು ಅವಳಿಗೆ ಹೇಗಾದರೂ ತಲುಪಿಸೋಕೆ ಆಗುತ್ತಾ? ಬಿಸ್ವಿಕ್‌ನ ಅವಳಿಗಳು ನಡೀತಾ ಇವೆ, ಒಂದು ಮುಂದಕ್ಕೆ ಹೋದರೆ ಇನ್ನೊಂದು ಹಿಂದಕ್ಕೆ. ಅವಳ ಗೆಳತಿ ಲಿಟಿಯಾನಾ ಶಾಲೆಯಲ್ಲಿ ಮೇಡಂ ಆಗಿದ್ದಾಳೆ, ಚಪ್ಪಲಿ ಸವೆಯುತ್ತೆ ಅಂತ ಕೈಯಲ್ಲಿ ಹಿಡಕೊಂಡು ಶಾಲೆಯವರೆಗೂ ನಡೀತಾಳೆ. ಕಂದು ಮೇಕೆ ಪಾದ್ರಿಗಳ ನಿಲುವಂಗಿ ತಿಂದುಹಾಕಿತು, ತೋಳು ಮಾತ್ರ ಉಳೀತು. ಇಂಥದ್ದೇ ಅಣ್ಣ. ನನ್ನ ಹತ್ತಿರ ಬೇರೇನಿದೆ ಅವಳಿಗೆ ಕೊಡೋಕೆ?

ಎನೆಲೆಸಿ

*

ಚಿಕ್ವಾವಾ
9 ನವೆಂಬರ್ 1986

ಪ್ರೀತಿಯ ಎನೆಲೆಸಿ,

ಎಡ ಹುಬ್ಬು. ಮಗುವಿನ ಹಣೆ ಅಮ್ಮನದು, ಕಿವಿ ನಿನ್ನದು.

ಕೂಲಿಸಾಲಿನ ನಲ್ಲಿ ನಮ್ಮ ಅಡುಗೆಮನೆಯ ಹಿಂದೆಯೇ ಇದೆ. ಬೆಳಿಗ್ಗೆ ಗಂಡಸರು ಕಬ್ಬಿನ ಗದ್ದೆಗೆ ಹೋದ ಮೇಲೆ ಹೆಂಗಸರು ನೀರಿಗೆ ಬರ್ತಾರೆ. ತಿಯಾಮಿಕೆಯೂ ಬರ್ತಾಳೆ, ನಾದಿನಿಯರ ಜೊತೆ. ನನ್ನ ಕಡೆ ನೋಡುವುದಿಲ್ಲ. ನೋಡಿದರೆ ಸಂಜೆಯೊಳಗೆ ಸಾಂಡೆಯ ಕಿವಿಗೆ ಹೋಗುತ್ತದೆ. ನಾನೂ ಒಲೆಯ ಕಡೆ ಮುಖ ಮಾಡಿರ್ತೀನಿ. ಹಣೆ, ಕಿವಿ ಎಲ್ಲ ಓರೆಗಣ್ಣಲ್ಲಿ ಕಂಡದ್ದು.

ನನ್ನ ಜೊತೆ ಅಡುಗೆಗೆ ಒಬ್ಬ ಮುದುಕನಿದ್ದಾನೆ, ಸೆಂಬಾ ಅಂತ. ಕಿವಿ ಸ್ವಲ್ಪ ಮಂದ. ನಿನ್ನ ಕಾಗದ ಬಂದ ಮರುದಿನ, ಹೆಂಗಸರು ನಲ್ಲಿಗೆ ಬಂದಾಗ, ನಾನು ಅವನಿಗೆ ಗಟ್ಟಿಯಾಗಿ ಹೇಳೋಕೆ ಶುರುಮಾಡಿದೆ, "ಕೇಳಿದ್ಯಾ ಸೆಂಬಾ, ನಮ್ಮೂರಲ್ಲಿ ಮೇಕೆಯೊಂದು ಪಾದ್ರಿಗಳ ನಿಲುವಂಗಿ ತಿಂದುಬಿಟ್ಟಿತಂತೆ!" ಸೆಂಬಾ, "ಯಾವ ಪಾದ್ರಿ? ಯಾವ ಮೇಕೆ?" ಅಂದ. "ಕಂದು ಮೇಕೆ ಕಣಯ್ಯ! ಲಿಟಿಯಾನಾ ಮೇಡಂ ಆಗಿದ್ದಾಳಂತೆ!" ಅಂದೆ. ಅವನು ತಲೆ ಕೆರೆದುಕೊಂಡ. ನಲ್ಲಿಯ ಹತ್ತಿರ ಹೆಂಗಸರು ನಕ್ಕರು. ಕಿವುಡನ ಹತ್ತಿರ ಹುಚ್ಚ ಮಾತಾಡ್ತಾನೆ ಅಂದುಕೊಂಡಿರಬೇಕು.

ಅವಳು ನಗಲಿಲ್ಲ. ಆದರೆ ಕೊಡ ಎತ್ತದೆ ನಿಂತಳು.

ಈಗ ದಿನಾ ಹೇಳ್ತೀನಿ. ಹೇಳಿದ್ದನ್ನೇ ಹೇಳಿ ನಿನ್ನ ಸುದ್ದಿ ಮುಗಿದುಹೋಗಿದೆ, ಬೇಗ ಬೇಗ ಬರೆ. ಯಾವುದು ಸಣ್ಣದು, ಯಾವುದು ದೊಡ್ಡದು ನೋಡಬೇಡ. ಸೆಂಬಾ ಸಿಕ್ಕವರಿಗೆಲ್ಲ, "ಇವನ ಊರಲ್ಲಿ ಬರೀ ಮೇಕೆ, ಹೆಂಗಸರು" ಅಂತಾನೆ.

ಮೊನ್ನೆ ಅಮ್ಮನ ವಿಷಯ ಹೇಳಿದೆ. "ನಮ್ಮಮ್ಮನನ್ನು ಈಗ ಕೈ ಹಿಡಿದು ಎಬ್ಬಿಸಬೇಕಂತೆ" ಅಂದೆ. ಅವತ್ತು ನಾದಿನಿಯರು ಮುಂದೆ ಹೋಗಿಬಿಟ್ಟಿದ್ದರು. ತಿಯಾಮಿಕೆ ನಲ್ಲಿಯ ಕೆಳಗೆ ಕೊಡ ಇಟ್ಟು, ಮಗುವನ್ನು ಬೆನ್ನಿಗೆ ಕಟ್ಟಿದ ಬಟ್ಟೆಯ ಗಂಟು ಸಡಿಲವಾದವಳ ಹಾಗೆ ರಸ್ತೆ ಕಡೆ ತಿರುಗಿ ನಿಂತಳು. ಅವಳ ಬೆನ್ನು ನನ್ನ ಕಡೆಗಾಯಿತು. ಬೆನ್ನ ಮೇಲಿನ ಮಗು ನನ್ನನ್ನೇ ನೋಡುತ್ತಿತ್ತು. ನಾನು ಕೋಲು ಬಿಟ್ಟು ಬಾಗಿಲಿಗೆ ಬಂದು ನಿಂತೆ. ಬಾಯಿ ತೆರೆದು ನಕ್ಕಿತು ಎನೆಲೆಸಿ, ಕೆಳಗೆ ಎರಡು ಹಲ್ಲು ಬಂದಿವೆ.

ಕೊಡ ತುಂಬಿ ನೀರು ಕಾಲುವೆಗೆ ಹರಿದುಹೋಗುತ್ತಿತ್ತು. ಅವಳು ತಿರುಗದೆ ಆ ಗಂಟನ್ನು ಬಿಚ್ಚಿ ಕಟ್ಟುತ್ತಲೇ ಇದ್ದಳು.

ನಿನ್ನ ಅಣ್ಣ,
ಜೈರೋಸಿ